ಹಲಗಿ ಬಾರಿಸುವವರ ಮಕ್ಕಳು ಜಾಝ್ ಯಾಕೆ ಕೇಳಬೇಕು?



ಹೋದ ವರ್ಷ ಒಂದು ರಾತ್ರಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕಿನ ಹುಡುಗರು ನಾವು ಒಂದು ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಕೂತು ಜಗಳ ಆಡುತ್ತಿದ್ದೆವು. ಜಗಳ ಹಲಗಿಯದು. ನಮ್ಮಲ್ಲೊಬ್ಬನ ಊರಿನಲ್ಲಿ ಕೇರಿಯವರೆಲ್ಲ ಸೇರಿ, ಇನ್ನು ಮೇಲೆ ಗೌಡರ ಮನೆಯ ಹೆಣದ ಮುಂದೆ, ಊರ ದೇವರ ಪಲ್ಲಕ್ಕಿಯ ಮುಂದೆ ಬಿಟ್ಟಿ ಹಲಗಿ ಬಾರಿಸೋದಿಲ್ಲ ಎಂದು ತೀರ್ಮಾನ ಮಾಡಿದ್ದರು. ಅವನ ಅಪ್ಪ ಹಲಗಿಯನ್ನು ಜಂತಿಗೆ ನೇತುಹಾಕಿದ. ಮೂವತ್ತು ವರ್ಷ ಬಾರಿಸಿದ ಕೈ ಅದು. ಈಗ ಸಂಜೆಯಾದರೆ ಕಟ್ಟೆಯ ಮೇಲೆ ಕೂತು ತೊಡೆಯ ಮೇಲೆ ಬೆರಳು ಆಡಿಸುತ್ತಾ ಇರುತ್ತಾನೆ ಎಂದು ಮಗ ಹೇಳಿದ.

"ಆ ಹಲಗಿ ಸುಟ್ಟು ಬಾ. ಅದು ನಮ್ಮ ಗುಲಾಮಗಿರಿ ಗುರುತು" ಅಂದ ಒಬ್ಬ.

"ಸುಡಾಕ ಅದೇನು ಗೌಡಂದೇನಲೇ? ನಮ್ಮಪ್ಪನ ಕೈಯಾಗಿನ ವಿದ್ಯಾ ಅದು" ಅಂದ ಇವನು.

ಇಬ್ಬರ ಮಾತೂ ನಿಜ. ಅದಕ್ಕೇ ಜಗಳ ಹರಿಯಲಿಲ್ಲ. ಆಗ ಮೂಲೆಯಲ್ಲಿದ್ದ ಗೆಳೆಯನೊಬ್ಬ ಮೊಬೈಲಿನಲ್ಲಿ ಏನೋ ಹಚ್ಚಿದ. ಟ್ರಂಪೆಟ್ಟು, ಸ್ಯಾಕ್ಸೋಫೋನು, ಡ್ರಮ್ಮು ಎಲ್ಲಾ ಒಮ್ಮೆಗೇ. "ಏನೋ ಇದು, ಕತ್ತಿ ಒದರಿದಂಗ ಐತಿ!" ಎಂದು ಎಲ್ಲರೂ ನಕ್ಕೆವು. ಅವನು ನಗಲಿಲ್ಲ. "ಇದು ಜಾಝ್. ಕಪ್ಪು ಜನರದು. ಅವರೂ ನಮ್ಮಂಗ ಯಜಮಾನರ ಮನಿ ಮುಂದ ಬಾರಿಸಿದವರ" ಅಂದ. ನಗು ನಿಂತಿತು.

ಅವತ್ತಿನಿಂದ ನಾವು ಕೇಳಲಿಕ್ಕೆ ಹತ್ತಿದೆವು. ಒಂದು ವರ್ಷ ಕೇಳಿದ ಮೇಲೆ ನಮಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಾವು ಸಂಗೀತ ಪಂಡಿತರಲ್ಲ, ಬಿ.ಎ. ಓದಿದವರು. ಕಿವಿ ಇದೆ, ಕೇರಿಯಲ್ಲಿ ಬೆಳೆದಿದ್ದೇವೆ, ಅಷ್ಟೆ.

ಮೆಸ್ಸಿನ ಸಾರು ನೀರಾಗಿದೆ, ಸ್ಕಾಲರ್‌ಶಿಪ್ಪಿನ ಹಣ ಬಂದಿಲ್ಲ, ಇಂಥದರಲ್ಲಿ ಅಮೆರಿಕದ ಸಂಗೀತ ಯಾಕೆ ಅಂತ ನೀವು ಕೇಳಬಹುದು. ಜಾಝ್ ಅಂದರೆ ಬೆಂಗಳೂರು, ಬೊಂಬಾಯಿಯ ದೊಡ್ಡ ಹೋಟೆಲುಗಳಲ್ಲಿ ಸೂಟು ಬೂಟಿನವರು ಊಟದ ಜೊತೆ ನಂಚಿಕೊಳ್ಳುವ ಉಪ್ಪಿನಕಾಯಿ ಅಂತಲೂ ಅನ್ನಬಹುದು. ಹೌದು, ಅದು ಅಲ್ಲಿ ಹೋಗಿ ಕೂತಿದೆ. ಆದರೆ ಅದು ಅಲ್ಲಿ ಹುಟ್ಟಲಿಲ್ಲ. ಹುಟ್ಟಿದ್ದು ಕೇರಿಯಲ್ಲಿ. ನಮ್ಮವರ ಬೆವರಿನದನ್ನು ತೊಳೆದು, ಇಸ್ತ್ರಿ ಮಾಡಿ, ನಮಗೇ ತೋರಿಸದೆ ಇಟ್ಟುಕೊಳ್ಳುವುದು ಎಲ್ಲಾ ದೇಶದ ಯಜಮಾನರೂ ಮಾಡುವ ಕೆಲಸ.

ಕಪ್ಪು ಜನರ ಕಡೆ ನೋಡುವುದನ್ನು ನಮಗೆ ಕಲಿಸಿದವರು ಬಾಬಾಸಾಹೇಬರು. 1913ರಿಂದ 1916ರವರೆಗೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಪಕ್ಕದಲ್ಲೇ ಹಾರ್ಲೆಮ್, ಕಪ್ಪು ಜನರ ದೊಡ್ಡ ಕೇರಿ. 1946ರಲ್ಲಿ ಅವರು ಕಪ್ಪು ಜನರ ದೊಡ್ಡ ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬೊಯಿಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಕೊಡುತ್ತಿರುವ ಅರ್ಜಿಯ ಬಗ್ಗೆ ವಿಚಾರಿಸಿದರು. 1972ರಲ್ಲಿ ಬೊಂಬಾಯಿಯಲ್ಲಿ ನಮ್ಮ ಹುಡುಗರು ದಲಿತ್ ಪ್ಯಾಂಥರ್ಸ್ ಕಟ್ಟಿದಾಗ ಆ ಹೆಸರನ್ನು ತಂದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಅವರ ಹೋರಾಟ ಓದಿದೆವು, ಅವರ ಕವಿತೆ ಓದಿದೆವು. ಸಂಗೀತ ಮಾತ್ರ ಯಾಕೆ ಬಿಟ್ಟೆವು?

ಈಗ ಮುಖ್ಯ ವಿಷಯಕ್ಕೆ ಬರೋಣ. ಆಫ್ರಿಕಾದಿಂದ ಸರಪಳಿಯಲ್ಲಿ ತಂದ ಜನರ ಕೈಯಲ್ಲಿ ಡೋಲು ಇತ್ತು. ಯಜಮಾನರಿಗೆ ಡೋಲು ಕಂಡರೆ ಭಯ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ಎಂಬಲ್ಲಿ ಗುಲಾಮರು ಡೋಲು ಬಾರಿಸಿಕೊಂಡು ದಂಗೆ ಎದ್ದರು. ಮರುವರ್ಷವೇ, 1740ರಲ್ಲಿ, ಅಲ್ಲಿಯ ಸರಕಾರ ಗುಲಾಮರು ಡೋಲು ಇಟ್ಟುಕೊಳ್ಳಬಾರದು ಎಂದು ಕಾಯಿದೆ ಮಾಡಿತು. ನಮ್ಮಲ್ಲಿ ನಡೆದದ್ದು ಇದರ ಉಲ್ಟಾ. ಅವರ ಕೈಯ ಡೋಲನ್ನು ಯಜಮಾನರು ಕಸಿದುಕೊಂಡರು. ನಮ್ಮ ಕೊರಳಿಗೆ ಯಜಮಾನರೇ ಹಲಗಿ ಕಟ್ಟಿದರು. ಬಾರಿಸಿದರೆ ಅಲ್ಲಿ ಶಿಕ್ಷೆ. ಬಾರಿಸದಿದ್ದರೆ ಇಲ್ಲಿ ಬಹಿಷ್ಕಾರ.

ಎರಡೂ ಒಂದೇ ರೋಗ ಗೆಳೆಯರೆ. ಯಾವಾಗ ಬಾರಿಸಬೇಕು, ಯಾವಾಗ ನಿಲ್ಲಿಸಬೇಕು ಅನ್ನೋ ಹಕ್ಕು ಬಾರಿಸುವವನ ಕೈಯಲ್ಲಿ ಇರಲಿಲ್ಲ. ಜಾಝ್ ಅಂದರೆ ಆ ಹಕ್ಕನ್ನು ಕಪ್ಪು ಜನ ಹಂತಹಂತವಾಗಿ ಕಿತ್ತುಕೊಂಡ ಕತೆ. ಅದಕ್ಕೇ ಕೇಳಬೇಕು ಅಂತೀವಿ.

ನ್ಯೂ ಆರ್ಲಿಯನ್ಸ್ ಎಂಬ ಊರಿನಲ್ಲಿ ಮಾತ್ರ ಭಾನುವಾರ ಕಾಂಗೋ ಚೌಕದಲ್ಲಿ ಸೇರಿ ಕುಣಿಯಲು, ಬಾರಿಸಲು ಗುಲಾಮರಿಗೆ ಬಿಡುತ್ತಿದ್ದರು. ಗುಲಾಮಗಿರಿ ಹೋದ ಮೇಲೆ ಅದೇ ಊರಿನಲ್ಲಿ ಮಿಲಿಟರಿ ಬ್ಯಾಂಡಿನ ಹಿತ್ತಾಳೆ ವಾದ್ಯಗಳು ಕಪ್ಪು ಜನರ ಕೈಗೆ ಬಂದವು. ಅವರದೇ ಸಂಘಗಳಿದ್ದವು. ತಿಂಗಳ ವಂತಿಗೆ ಕಟ್ಟಿದವರು ಸತ್ತರೆ ಸಂಘದ ಖರ್ಚಿನಲ್ಲಿ ಬ್ಯಾಂಡು. ಮಣ್ಣಿಗೆ ಹೋಗುವಾಗ ನಿಧಾನದ ದುಃಖದ ಬಾಜಾ, ಮಣ್ಣು ಕೊಟ್ಟು ಬರುವಾಗ ಕುಣಿಸುವ ಬಾಜಾ. ನಮ್ಮಪ್ಪಂದಿರೂ ಸಾವಿಗೆ ಬಾರಿಸಿದರು. ಆದರೆ ಅವರು ಬಾರಿಸಿದ್ದು ತಮ್ಮ ಹೆಣಕ್ಕೆ, ತಮ್ಮ ಸಂಘದ ದುಡ್ಡಿನಲ್ಲಿ. ನಾವು ಬಾರಿಸಿದ್ದು ಗೌಡರ ಹೆಣಕ್ಕೆ, ಒಂದು ಸೇರು ಜೋಳಕ್ಕೆ. ಅವರು ಮುಂದೆ ಹೋದದ್ದು ಇಲ್ಲಿಂದ.

ಹೊಸಬರಿಗೆ ಕಿವಿ ಹಿಡಿಯೋದು ಹೇಗೆ? ನಮ್ಮ ನೆಲದ ಮೂರು ಮಾತು ನೆನಪಿಟ್ಟುಕೊಂಡರೆ ಸಾಕು. ಒಂದು, ತ್ರಿಪದಿ. ಸರ್ವಜ್ಞನ ಊರೆಂದು ಜನ ಹೇಳುವ ಅಬಲೂರು ಹಿರೇಕೆರೂರು ತಾಲೂಕಿನದೇ. ಮೂರು ಸಾಲಿನಲ್ಲಿ ಮಾತು ಮುಗಿಯಬೇಕು. ನಮ್ಮ ಅವ್ವಂದಿರ ಬೀಸುವ ಪದವೂ ತ್ರಿಪದಿಯೇ. ಜಾಝ್‌ನ ತಾಯಿ ಬ್ಲೂಸ್ ಎಂಬ ಹಾಡು. ಅದೂ ಹೆಚ್ಚಾಗಿ ಮೂರು ಸಾಲು. ಮೊದಲ ಸಾಲು ನೋವು, ಎರಡನೆಯದು ಅದೇ ನೋವು ಮತ್ತೊಮ್ಮೆ, ಮೂರನೆಯದು ಅದಕ್ಕೆ ಕೊಟ್ಟ ಜವಾಬು. ಹತ್ತಿ ಬಿಡಿಸುವವರ ಬಾಯಲ್ಲಿ, ಕಲ್ಲು ಒಡೆಯುವವರ ಬಾಯಲ್ಲಿ ಬೆಳೆದದ್ದು.

ಎರಡು, ಗೀಗೀ ಪದ. ಮುಂದಿನವ ಒಂದು ಮಾತು ಎತ್ತುತ್ತಾನೆ, ಹಿಮ್ಮೇಳ ಹಿಡಿಯುತ್ತದೆ. ಜಾಝ್‌ನಲ್ಲಿ ಟ್ರಂಪೆಟ್ಟು ಕೇಳುತ್ತದೆ, ಸ್ಯಾಕ್ಸೋಫೋನು ಜವಾಬು ಕೊಡುತ್ತದೆ.

ಮೂರು, ಶರೀಫರ ಪದ. ಶಿಶುನಾಳ ಶಿಗ್ಗಾಂವಿ ತಾಲೂಕಿನ ಊರು. ಶರೀಫರ ಒಂದೇ ತತ್ವಪದವನ್ನು ಊರ ಭಜನಾ ಮೇಳದವರು ಒಂದು ಬಗೆಯಲ್ಲಿ ಹಾಡುತ್ತಾರೆ, ಕ್ಯಾಸೆಟ್ಟಿನಲ್ಲಿ ಸಿ. ಅಶ್ವಥ್ ಮತ್ತೊಂದು ಬಗೆಯಲ್ಲಿ ಹಾಡಿದರು. ಪದ ಅದೇ, ಹಾಡಿದವನ ಜೀವ ಬೇರೆ. ಜಾಝ್‌ನಲ್ಲೂ ಹಾಗೆ. ಒಂದು ಹಳೆಯ ಧಾಟಿ ಇರುತ್ತದೆ, ಎಲ್ಲರೂ ಸೇರಿ ಅದನ್ನು ಒಮ್ಮೆ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬನ ಸರದಿ. ಅವನ ಸರದಿಯಲ್ಲಿ ಅವನೇ ರಾಜ. ಆ ಗಳಿಗೆಯಲ್ಲಿ ಹುಟ್ಟಿದ್ದನ್ನು ನುಡಿಸುತ್ತಾನೆ, ಉಳಿದವರು ಅವನನ್ನು ಹೊತ್ತುಕೊಂಡಿರುತ್ತಾರೆ. ಸರದಿ ಮುಗಿದರೆ ಅವನು ಇನ್ನೊಬ್ಬನನ್ನು ಹೊರುತ್ತಾನೆ. ನಮ್ಮ ಸಂಘಟನೆಗಳಲ್ಲಿ ಇದು ಇದೆಯಾ ಎಂದು ನಾವು ಒಮ್ಮೆ ಕೇಳಿಕೊಳ್ಳಬೇಕು.

ಸರಿ, ಯಾವುದರಿಂದ ಶುರು ಮಾಡೋದು? ತಟ್ಟೆ ಕೊಳ್ಳಬೇಕಾಗಿಲ್ಲ, ಎಲ್ಲಾ ಮೊಬೈಲಿನಲ್ಲಿ ಸಿಗುತ್ತವೆ. ಒಂದೊಂದನ್ನು ಮೂರು ಸಲ ಕೇಳಿ. ಮೊದಲ ಸಲ ಡ್ರಮ್ಮಿನ ಹಿಂದೆ ಹೋಗಿ, ಎರಡನೆಯ ಸಲ ಕೆಳಗೆ ದಪ್ಪ ದನಿಯಲ್ಲಿ ನಡೆಯುವ ಬಾಸ್ ಹಿಂದೆ, ಮೂರನೆಯ ಸಲ ಊದುವವರ ಹಿಂದೆ. ಕತ್ತಿ ಒದರುವುದು ನಿಲ್ಲುತ್ತದೆ.

ಮೊದಲು 'ಕೈಂಡ್ ಆಫ್ ಬ್ಲೂ'. ಮೈಲ್ಸ್ ಡೇವಿಸ್ ಎಂಬ ಟ್ರಂಪೆಟ್ ವಾದಕ 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಎರಡೇ ದಿನ ಕೂತು ಮುಗಿಸಿದ ಆಲ್ಬಂ. ಐದೇ ಐದು ಕೃತಿ. ನಮ್ಮ ಕಿವಿಗೆ ಇದು ಬೇಗ ಒಗ್ಗುತ್ತದೆ, ಯಾಕೆಂದರೆ ಇದರಲ್ಲಿ ಸ್ವರಗಳ ಒಂದು ಸಾಲು ಹಿಡಿದು ರಾಗದ ಹಾಗೆ ನಿಧಾನವಾಗಿ ಬಿಡಿಸುತ್ತಾರೆ. ಆತುರ ಇಲ್ಲ. ಮೊದಲ ಕೃತಿಯಲ್ಲಿ ಬಾಸ್ ಒಂದು ಮಾತು ಕೇಳುತ್ತದೆ, ಉಳಿದವು 'ಹೌದು' ಅಂದ ಹಾಗೆ ಎರಡು ಸಲ ನುಡಿಯುತ್ತವೆ. ಗೀಗೀ ಮೇಳವೇ. ಸ್ಯಾಕ್ಸೋಫೋನಿನಲ್ಲಿ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ, ಡ್ರಮ್ಮಿನಲ್ಲಿ ಜಿಮ್ಮಿ ಕಾಬ್. ನಾಲ್ಕು ಕೃತಿಗಳಿಗೆ ಪಿಯಾನೊ ನುಡಿಸಿದ ಬಿಲ್ ಇವಾನ್ಸ್ ಬಿಳಿಯ. ಗುಂಪು ಕಪ್ಪು ಯಜಮಾನನದು. ಇದನ್ನೂ ಗಮನಿಸಿ.

ಈ ಆಲ್ಬಂ ಮಾರುಕಟ್ಟೆಗೆ ಬಂದದ್ದು 1959ರ ಆಗಸ್ಟ್ 17. ಎಂಟು ದಿನ ಆದ ಮೇಲೆ, ಆಗಸ್ಟ್ 25ರ ರಾತ್ರಿ, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಮೈಲ್ಸ್ ಬಿಡುವಿನಲ್ಲಿ ಹೊರಗೆ ನಿಂತಿದ್ದಾಗ ಪೊಲೀಸರು ತಲೆ ಒಡೆದರು. ಬೋರ್ಡಿನ ಮೇಲೆ ಅವನದೇ ಹೆಸರಿತ್ತು. ಒಳಗೆ ಚಪ್ಪಾಳೆ, ಹೊರಗೆ ಲಾಠಿ. ಕಲೆಯಿಂದ ಎಲ್ಲಾ ಸರಿಹೋಗುತ್ತದೆ ಎಂದು ನಮಗೆ ಉಪದೇಶ ಮಾಡುವವರಿಗೆ ಈ ಎಂಟು ದಿನದ ಲೆಕ್ಕ ಹೇಳಿ.

ಆಮೇಲೆ ಹಿಂದಕ್ಕೆ ಹೋಗಿ. ಲೂಯಿ ಆರ್ಮ್‌ಸ್ಟ್ರಾಂಗ್ 1925ರಿಂದ 1928ರವರೆಗೆ 'ಹಾಟ್ ಫೈವ್', 'ಹಾಟ್ ಸೆವೆನ್' ಎಂಬ ಗುಂಪು ಕಟ್ಟಿ ಧ್ವನಿಮುದ್ರಿಸಿದ ಮೂರು ಮೂರು ನಿಮಿಷದ ತಟ್ಟೆಗಳು ಈಗ ಒಟ್ಟಿಗೆ ಸಿಗುತ್ತವೆ. ನ್ಯೂ ಆರ್ಲಿಯನ್ಸಿನ ಕಡುಬಡ ಕೇರಿಯ ಹುಡುಗ. ಹನ್ನೊಂದನೇ ವಯಸ್ಸಿನಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಗಾಳಿಯಲ್ಲಿ ಪಿಸ್ತೂಲು ಹಾರಿಸಿದ್ದಕ್ಕೆ ಕಪ್ಪು ಹುಡುಗರನ್ನು ಕೂಡಿಹಾಕುವ ಮನೆಗೆ ತಳ್ಳಿದರು. ಆ ಮನೆಯ ಬ್ಯಾಂಡಿನಲ್ಲಿ ಅವನು ಊದುವುದನ್ನು ಚೆನ್ನಾಗಿ ಕಲಿತ. ಹಾಸ್ಟೆಲ್ ಹುಡುಗರಾದ ನಮಗೆ ಇದು ಅರ್ಥವಾಗದ ಕತೆ ಅಲ್ಲ. 1928ರ 'ವೆಸ್ಟ್ ಎಂಡ್ ಬ್ಲೂಸ್' ಕೇಳಿ. ಶುರುವಿನಲ್ಲಿ ಯಾರ ಆಸರೆಯೂ ಇಲ್ಲದೆ ಒಂಟಿ ಟ್ರಂಪೆಟ್ಟು ಎದ್ದು ನಿಲ್ಲುತ್ತದೆ. ಗುಂಪಿನಲ್ಲಿ ಮುಖವಿಲ್ಲದೆ ಬಾರಿಸುತ್ತಿದ್ದವನು 'ನಾನು ಇಂಥವನು' ಎಂದು ಹೇಳಿದ ಹಾಗೆ.

ಇಲ್ಲೂ ಮೋಸ ಇತ್ತು. ಜಾಝ್‌ನ ಮೊದಲ ತಟ್ಟೆ ಬಂದದ್ದು 1917ರಲ್ಲಿ. ಅದರಲ್ಲಿ ನುಡಿಸಿದ ಐವರೂ ಬಿಳಿಯರು! ಕಪ್ಪು ಜನರ ಹಾಡನ್ನು ಕಂಪನಿಗಳು 'ರೇಸ್ ರೆಕಾರ್ಡ್ಸ್' ಎಂದು ಬೇರೆ ಪಟ್ಟಿಯಲ್ಲಿ ಹಾಕಿ ಮಾರಿದವು. ನಮಗೆ ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟ ಹಾಗೆ ಅಲ್ಲಿ ಹಾಡಿಗೂ ಬೇರೆ ತಟ್ಟೆ.

ಮೂರನೆಯದು ಆಲ್ಬಂ ಅಲ್ಲ, ಒಂದೇ ಹಾಡು. ಬಿಲ್ಲಿ ಹಾಲಿಡೇ ಎಂಬ ಹೆಣ್ಣುಮಗಳು 1939ರಲ್ಲಿ ಹಾಡಿದ 'ಸ್ಟ್ರೇಂಜ್ ಫ್ರೂಟ್'. ಬಿಳಿಯರು ಹೊಡೆದು ಕೊಂದು ಮರಕ್ಕೆ ನೇತುಹಾಕಿದ ಕಪ್ಪು ದೇಹಗಳ ಬಗ್ಗೆ ಬರೆದದ್ದು. ಬರೆದವನು ಏಬೆಲ್ ಮೀರೊಪೋಲ್ ಎಂಬ ಯಹೂದಿ ಶಾಲಾ ಮಾಸ್ತರ. ಹಾಲಿಡೇಯ ದೊಡ್ಡ ಕಂಪನಿ ಇದನ್ನು ಮುದ್ರಿಸಲು ಒಪ್ಪಲಿಲ್ಲ. ಕೊಮೊಡೋರ್ ಎಂಬ ಸಣ್ಣ ಕಂಪನಿ ಮುದ್ರಿಸಿತು. ಕಿರುಚಾಟ ಇಲ್ಲ, ಘೋಷಣೆ ಇಲ್ಲ. ಮೆಲ್ಲಗೆ ಹಾಡುತ್ತಾಳೆ. ಕೇಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಾವು ಕವಿತೆ ಬರೆಯುವವರು, ಪ್ರತಿ ಸಾಲಿಗೂ ಬೆಂಕಿ, ಕೆಂಡ, ಜ್ವಾಲೆ ಹಾಕುತ್ತೇವೆ. ಈ ಹಾಡು ನಮಗೆ ಪಾಠ ಹೇಳಿತು.

ನಾಲ್ಕನೆಯದು 'ಎಲಿಂಗ್ಟನ್ ಅಟ್ ನ್ಯೂಪೋರ್ಟ್', 1956. ಡ್ಯೂಕ್ ಎಲಿಂಗ್ಟನ್ನನ ವಾದ್ಯಗೋಷ್ಠಿ 1927ರಿಂದ ಕೆಲವು ವರ್ಷ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ ನುಡಿಸುತ್ತಿತ್ತು. ವೇದಿಕೆ ಮೇಲೆ ಕಪ್ಪು ಜನ, ಕುರ್ಚಿಯಲ್ಲಿ ಬಿಳಿಯರು. ಕಪ್ಪು ಜನರದೇ ಕೇರಿಯಲ್ಲಿ ಕಪ್ಪು ಗಿರಾಕಿಗೆ ಪ್ರವೇಶ ಇಲ್ಲ! ಗುಡಿಯ ಮುಂದೆ ಹಲಗಿ ಬಾರಿಸಿ ಒಳಗೆ ಹೋಗದೆ ನಿಂತ ನಮ್ಮಪ್ಪಂದಿರು ನೆನಪಾಗಲಿಲ್ಲವೆ? ಅದೇ ಎಲಿಂಗ್ಟನ್ 1943ರಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ ತನ್ನ ಜನರ ಚರಿತ್ರೆಯನ್ನೇ ದೊಡ್ಡ ಕೃತಿಯಾಗಿ ಮಾಡಿ ನುಡಿಸಿದ. 1963ರಲ್ಲಿ ಭಾರತಕ್ಕೂ ಬಂದಿದ್ದ. ನ್ಯೂಪೋರ್ಟಿನ ಆಲ್ಬಂನಲ್ಲಿ ಪಾಲ್ ಗೊನ್ಸಾಲ್ವೆಸ್ ಎಂಬ ಸ್ಯಾಕ್ಸೋಫೋನ್ ವಾದಕ ಒಂದೇ ಧಾಟಿಯನ್ನು 27 ಸುತ್ತು ಬಿಡದೆ ನುಡಿಸುತ್ತಾನೆ, ಜನ ಎದ್ದು ಕುಣಿಯುವುದು ಕೇಳಿಸುತ್ತದೆ. ಹೋಳಿ ಹುಣ್ಣಿಮೆಯ ರಾತ್ರಿ ಹಲಗಿಗೆ ಬಿಸಿ ಏರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಐದನೆಯದು 'ಮಿಂಗಸ್ ಆ ಅಮ್', 1959. ಚಾರ್ಲ್ಸ್ ಮಿಂಗಸ್ ಬಾಸ್ ವಾದಕ, ಮಹಾ ಸಿಟ್ಟಿನ ಮನುಷ್ಯ. 1957ರಲ್ಲಿ ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್ ಊರಿನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಬಿಳಿಯರ ಶಾಲೆಗೆ ಹೋಗಹೊರಟಾಗ ಅಲ್ಲಿಯ ಗವರ್ನರ್ ಫಾಬಸ್ ಸೈನ್ಯ ನಿಲ್ಲಿಸಿ ತಡೆದ. ಯಾವಾಗಲೂ ನಗುತ್ತಾ ಇರುತ್ತಿದ್ದ ಆರ್ಮ್‌ಸ್ಟ್ರಾಂಗ್ ಕೂಡ ಸಿಟ್ಟಾಗಿ, ಸರಕಾರದ ಪರವಾಗಿ ರಷ್ಯಾಕ್ಕೆ ಹೋಗುವುದಿಲ್ಲ ಅಂದುಬಿಟ್ಟ. ಮಿಂಗಸ್ 'ಫೇಬಲ್ಸ್ ಆಫ್ ಫಾಬಸ್' ಕಟ್ಟಿದ. ಈ ಆಲ್ಬಂನಲ್ಲಿ ಅದಕ್ಕೆ ಮಾತಿಲ್ಲ, ಆದರೂ ಗವರ್ನರನನ್ನು ವಾದ್ಯಗಳು ಅಣಕಿಸುವುದು ಕೇಳುತ್ತದೆ. ಮಾತು ಸೇರಿಸಿದ್ದು 1960ರಲ್ಲಿ, ಕ್ಯಾಂಡಿಡ್ ಎಂಬ ಬೇರೆ ಕಂಪನಿಯಲ್ಲಿ.

ಇಲ್ಲಿ ಒಂದು ಕನ್ನಡದ ನಂಟೂ ಇದೆ. ಈ ಆಲ್ಬಂನಲ್ಲಿ ಸ್ಯಾಕ್ಸೋಫೋನ್ ನುಡಿಸಿದವರಲ್ಲಿ ಜಾನ್ ಹ್ಯಾಂಡಿ ಒಬ್ಬ. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅವನು ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿ, ತಾನೂ ಜೊತೆಗೆ ನುಡಿಸಲೇ ಎಂದು ಕೇಳಿ ವೇದಿಕೆ ಹತ್ತಿದ. ಕದ್ರಿಯವರು ನಾಗಸ್ವರದವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾಗಿ, ಆ ವಿಲಾಯಿತಿ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿ, 2019ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಬೆಳೆದ ಕನ್ನಡ ಮನೆತನದ ರುದ್ರೇಶ ಮಹಂತಪ್ಪ ದೊಡ್ಡ ಜಾಝ್ ವಾದಕ. ಇವರು ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಕೊಟ್ಟ ಆಲ್ಬಂ ಕದ್ರಿಯವರದು. ತಮಾಷೆ ನಿಜವಾಗಿ, 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಂ ತಂದರು. ಹೆಸರಿನ ಅರ್ಥ ಬಂಧುಗಳು. ಅದನ್ನೂ ಕೇಳಿ.

ಆರನೆಯದು ವಿದ್ಯಾರ್ಥಿಗಳ ಆಲ್ಬಂ, ನಮ್ಮದೇ ಅನ್ನಿ. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ಕು ಜನ ಕಪ್ಪು ಕಾಲೇಜು ಹುಡುಗರು ಬಿಳಿಯರಿಗೆ ಮಾತ್ರ ತಿಂಡಿ ಕೊಡುವ ಕಟ್ಟೆಯ ಮುಂದೆ ಹೋಗಿ ಕೂತರು. ಕಾಫಿ ಕೇಳಿದರು. ಕೊಡಲಿಲ್ಲ. ಏಳಲಿಲ್ಲ. ಮರುದಿನ ಇನ್ನಷ್ಟು ಹುಡುಗರು ಬಂದರು. ಅದೇ ವರ್ಷ ಡ್ರಮ್ ವಾದಕ ಮ್ಯಾಕ್ಸ್ ರೋಚ್ 'ವಿ ಇನ್ಸಿಸ್ಟ್! ಫ್ರೀಡಂ ನೌ ಸೂಟ್' ಆಲ್ಬಂ ಮಾಡಿದ. ಮುಖಚಿತ್ರದಲ್ಲಿ ಅಂಥದೇ ಕಟ್ಟೆಯ ಮುಂದೆ ಕೂತ ಕಪ್ಪು ಹುಡುಗರು ತಿರುಗಿ ನಮ್ಮನ್ನು ನೋಡುತ್ತಾರೆ. ಹಾಡಿದವಳು ಆಬಿ ಲಿಂಕನ್. ಮೊದಲ ಹಾಡು ಗುಲಾಮರ ಮೇಲೆ ಚಾಟಿ ಬೀಸುವವನ ಬಗ್ಗೆ, ಚಾಟಿಯ ಹೊಡೆತದಂತೆ ತಾಳದ ಪೆಟ್ಟು ಬೀಳುತ್ತದೆ. ಇನ್ನೊಂದರಲ್ಲಿ ಪದಗಳೇ ಇಲ್ಲ, ಅವಳ ದನಿ ಮತ್ತು ಅವನ ಡ್ರಮ್ಮು ಅಷ್ಟೆ. ಮೊದಲು ಪ್ರಾರ್ಥನೆ, ಆಮೇಲೆ ಚೀರಾಟ, ಕೊನೆಗೆ ಸಮಾಧಾನ. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ನಮ್ಮ ಗೆಳತಿಯರು ಇದನ್ನು ತಪ್ಪದೆ ಕೇಳಬೇಕು.

ಸವಣೂರಿನಲ್ಲಿ 2010ರ ಜುಲೈನಲ್ಲಿ ಭಂಗಿ ಸಮುದಾಯದ ಜನ, ತಮ್ಮ ನೆಲೆಯಿಂದ ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಪತ್ರಿಕೆಯಲ್ಲಿ ಬಂತು, ಸಚಿವರು ಬಂದರು, ಜನ ಮರೆತರು. ಅಮೆರಿಕದ ಹುಡುಗರು ಕಟ್ಟೆಯ ಮುಂದೆ ಕೂತ ಅದೇ ವರ್ಷ ಅವರ ಡ್ರಮ್ ವಾದಕ ಅದನ್ನು ನಾದ ಮಾಡಿದ. ಸವಣೂರಿನ ಆ ದಿನಕ್ಕೆ ನಾವು, ಕವಿಗಳು ಅನ್ನಿಸಿಕೊಂಡವರು, ಏನು ಕಟ್ಟಿದೆವು? ಈ ಪ್ರಶ್ನೆ ನಾವು ನಮಗೇ ಕೇಳಿಕೊಳ್ಳುತ್ತಿರುವುದು.

ಏಳನೆಯದು ಜಾನ್ ಕೋಲ್ಟ್ರೇನ್. 1963ರ ಸೆಪ್ಟೆಂಬರ್ 15ರ ಭಾನುವಾರ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಂ ಊರಿನ ಕಪ್ಪು ಜನರ ಇಗರ್ಜಿಯಲ್ಲಿ ಬಿಳಿಯರು ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. ಎರಡು ತಿಂಗಳಲ್ಲಿ ಕೋಲ್ಟ್ರೇನ್ 'ಅಲಬಾಮಾ' ನುಡಿಸಿದ. ಐದು ನಿಮಿಷದ ಅಳು, ಆದರೆ ಬಗ್ಗಿದ ಅಳು ಅಲ್ಲ. ಇದನ್ನು ಕೇಳುವಾಗ ನಮ್ಮ ಕಣ್ಣ ಮುಂದೆ ಬಂದದ್ದು 2000ದ ಮಾರ್ಚ್ 11, ಕಂಬಾಲಪಲ್ಲಿ, ಬೆಂಕಿಯಲ್ಲಿ ಬೆಂದ ಏಳು ಜನ ದಲಿತರು. ಆಮೇಲೆ 'ಎ ಲವ್ ಸುಪ್ರೀಂ' ಕೇಳಿ. 1964ರ ಡಿಸೆಂಬರ್ 9ರಂದು ಮುದ್ರಿಸಿದ್ದು, ನಾಲ್ಕು ಭಾಗ. ಕೊನೆಯ ಭಾಗದಲ್ಲಿ ತಾನೇ ಬರೆದ ಪದ್ಯವನ್ನು ಬಾಯಿಂದ ಹೇಳದೆ, ಪದಪದವಾಗಿ ಸ್ಯಾಕ್ಸೋಫೋನಿನಲ್ಲಿ ನುಡಿಸುತ್ತಾನೆ. ಪದ್ಯ ಆಲ್ಬಂ ಹೊದಿಕೆಯಲ್ಲಿ ಅಚ್ಚಾಗಿದೆ. ಕೋಲ್ಟ್ರೇನ್ ನಮ್ಮ ದೇಶದ ಸಂಗೀತ ಕೇಳಿ ಕಲಿತವನು. ರವಿಶಂಕರರ ಹೆಸರನ್ನೇ ಮಗನಿಗೆ ಇಟ್ಟ.

ಇವು ಏಳು ಸಾಕು. ಇವು ಹಿಡಿದರೆ ಉಳಿದದ್ದು ತಾನಾಗಿ ಸಿಗುತ್ತದೆ.

ಒಂದು ಎಚ್ಚರಿಕೆ. ಬಣ್ಣ ಮತ್ತು ಜಾತಿ ಒಂದೇ ಎಂದು ನಾವು ಹೇಳುತ್ತಿಲ್ಲ. ಅವರ ಕತೆಯನ್ನು ಹಾಗೇ ತಂದು ನಮ್ಮ ಕೇರಿಗೆ ಅಂಟಿಸಲು ಬರುವುದಿಲ್ಲ. ಕದಿಯಬೇಕಾದ್ದು ಅವರ ರಾಗ ಅಲ್ಲ, ಅವರ ಹಟ. ಅವರ ತಟ್ಟೆಯ ಮೇಲೆ ಡ್ರಮ್ ಬಾರಿಸಿದವನ ಹೆಸರಿದೆ, ಮುದ್ರಿಸಿದ ತಾರೀಖಿದೆ. ನಮ್ಮ ಹಲಗಿಯವನ ಹೆಸರು ಎಲ್ಲಿದೆ? ಊರ ಜಾತ್ರೆಯ ಕರಪತ್ರದಲ್ಲಿ ಪುರಾಣ ಹೇಳುವವರ ಹೆಸರಿರುತ್ತದೆ, ದಾಸೋಹ ಕೊಟ್ಟವರ ಹೆಸರಿರುತ್ತದೆ. ಕೊನೆಗೆ 'ಸಕಲ ವಾದ್ಯ ವೈಭವಗಳೊಂದಿಗೆ' ಅಂತ ಇರುತ್ತದೆ. ಆ 'ಸಕಲ ವಾದ್ಯ' ನಮ್ಮಪ್ಪ!

ಹಾನಗಲ್ಲಿನ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದವರು ಗಂಗೂಬಾಯಿ ಹಾನಗಲ್. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಮುಂದೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಹಾಡುವ ಭಯ ಇರಲಿಲ್ಲ. ಕೆಳಜಾತಿಯ ಹುಡುಗಿ ಎಂದು ಊಟದ ಜಾಗ ಬಳಿಯಲು ಎಲ್ಲಿ ಹೇಳಿಬಿಡುತ್ತಾರೋ ಅನ್ನುವ ಭಯ ಇತ್ತು ಎಂದು ಅವರೇ ಮುಂದೆ ನೆನಪು ಮಾಡಿಕೊಂಡರು. ಆ ಹುಡುಗಿಯ ಹೆಸರು ಉಳಿಯಿತು. ಯಾಕೆ ಉಳಿಯಿತು? ಗಂಟಲಿನಿಂದ ಉಳಿಯಿತು, ತಟ್ಟೆಯ ಮೇಲೆ ಹೆಸರು ಬಿದ್ದದ್ದರಿಂದಲೂ ಉಳಿಯಿತು.

ಹಾಗಾದರೆ ಹಲಗಿ ಸುಡಬೇಕೋ ಬಾರಿಸಬೇಕೋ? ನಮ್ಮ ಅಭಿಪ್ರಾಯ ಇಷ್ಟು. ಬಿಟ್ಟಿ ಹಲಗಿ ಬೇಡ, ಇದರಲ್ಲಿ ರಾಜಿ ಇಲ್ಲ. ಬಾರಿಸೋದಿಲ್ಲ ಅಂದ ಕೇರಿಯ ತೀರ್ಮಾನಕ್ಕೆ ನಾವು ಬೆನ್ನು ಕೊಡಬೇಕು. ಅದು ಸೋಲಲ್ಲ, ಮೊದಲ ಸರದಿ. ಆದರೆ ಹಲಗಿ ನಮ್ಮದು. ನಮ್ಮ ಸಭೆಯಲ್ಲಿ, ನಮ್ಮ ಮದುವೆಯಲ್ಲಿ, ನಮ್ಮ ಸಾವಿನಲ್ಲಿ ನಮಗೆ ಬೇಕಾದಾಗ ಬಾರಿಸೋಣ. ಹೊರಗಿನವರು ಕರೆದರೆ ಕೂಲಿ ಮೊದಲು, ಕುರ್ಚಿ ಮೊದಲು, ಕರಪತ್ರದಲ್ಲಿ ಹೆಸರು ಮೊದಲು.

ಪ್ರತಿ ಹಾಸ್ಟೆಲ್ಲಿನಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಕೂಡೋಣ. ಒಂದು ಆಲ್ಬಂ ಕೇಳೋಣ. ಆಮೇಲೆ ನಮ್ಮಲ್ಲಿ ಯಾರಿಗೆ ಕೈ ಬರುತ್ತದೋ ಅವರು ಹಲಗಿ ಹಿಡಿಯಲಿ, ಬಾರದವರು ಕಲಿಯಲಿ. ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಬಾರಿಸುವವರನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಅವರ ಹೆಸರು, ಊರು, ತಾರೀಖು, ಬಾರಿಸಿದ ಪೆಟ್ಟಿನ ಹೆಸರು ನೋಟುಬುಕ್ಕಿನಲ್ಲಿ ಬರೆದು ತನ್ನಿ. ಅಮೆರಿಕದವರಿಗೆ ಕಂಪನಿ ಬೇಕಾಯಿತು. ನಮಗೆ ನಮ್ಮ ಕಿಸೆಯೊಳಗಿನ ಮೊಬೈಲು ಸಾಕು.

ಕಡೆಗೆ ಒಂದು ಸಣ್ಣ ಸುದ್ದಿ. ದೀಪಾವಳಿ ರಜೆಗೆ ಹೋದ ನಮ್ಮ ಗೆಳೆಯ ಜಂತಿಗೆ ಹಲಗಿ ನೇತುಹಾಕಿದ ತನ್ನ ಅಪ್ಪನ ಮುಂದೆ ಮ್ಯಾಕ್ಸ್ ರೋಚ್‌ನ ಡ್ರಮ್ಮು ಹಚ್ಚಿದ. ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ತೊಡೆಯ ಮೇಲೆ ಬೆರಳು ಆಡುತ್ತಿದ್ದವು. ಮುಗಿದ ಮೇಲೆ ಕೇಳಿದ್ದು ಒಂದೇ ಮಾತು:

"ಬಾರಿಸಿದಾವನ ಹೆಸರೇನಪಾ?"

ಮಗ ಹೇಳಿದ.

"ಹೆಸರು ಬರದಾರ?"

"ಬರದಾರಪ್ಪಾ. ಮ್ಯಾಲ ದೊಡ್ಡದಾಗಿ ಬರದಾರ."

"ಚಲೋ ಮಾಡ್ಯಾರ" ಅಂದ.

ಅವನು ಹಲಗಿ ಜಂತಿಯಿಂದ ಇಳಿಸಿದನೋ ಇಲ್ಲವೋ ಎಂದು ನಾವು ಮಗನನ್ನು ಕೇಳಲಿಲ್ಲ. ಅದು ಇನ್ನು ಮೇಲೆ ಅವನ ಇಷ್ಟ. ಬೇರೆ ಯಾರದೂ ಅಲ್ಲ.